ಹಾರುವ ಟ್ಯಾಕ್ಸಿಗೆ ಗಂಜಿ ಕಳೆದ ತೂಕ

ಗಜೇಂದ್ರಗಡದ ನೇಕಾರ ಗೋಣೆಪ್ಪ ವಿಮಾನದಲ್ಲಿ ಕೂತಿದ್ದನೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟಿದ್ದೇ ಒಂದು ಆಡು ಅವನ ರುಮಾಲು ತಿಂದದ್ದರಿಂದ. ಆಡು ರುಮಾಲು ತಿನ್ನದೆ ಇದ್ದಿದ್ದರೆ ಗೋಣೆಪ್ಪ ಆ ಮಾತು ಆಡುತ್ತಿರಲಿಲ್ಲ. ಅವನು ಆ ಮಾತು ಆಡದೆ ಇದ್ದಿದ್ದರೆ ಮೂರು ಊರಿನ ದೊಡ್ಡ ಮನುಷ್ಯರು ಹತ್ತಿ ತೂಗುವ ತಕ್ಕಡಿಯಲ್ಲಿ ಕಾಲು ಮಡಚಿಕೊಂಡು ಕೂರುವ ಪ್ರಸಂಗ ಬರುತ್ತಿರಲಿಲ್ಲ. ಇಷ್ಟಕ್ಕೆಲ್ಲ ಮೂಲವಾದ ಆ ಆಡಿನ ಹೆಸರು ಇತಿಹಾಸದಲ್ಲಿ ಉಳಿದಿಲ್ಲ.

ಐವತ್ತಾರನೆಯ ಇಸವಿಯ ಸಂಕ್ರಾಂತಿ ಮುಗಿದ ವಾರ. ಗಜೇಂದ್ರಗಡದಿಂದ ರೋಣದ ಮೇಲೆ ಹಾಯ್ದು ನರಗುಂದಕ್ಕೆ ಹೋಗುವ ಒಂದೇ ಒಂದು ಮೋಟಾರು ಕಳಕಪ್ಪನದು. ಈ ಕಳಕಪ್ಪ ಬೇರೆ ಯಾರೂ ಅಲ್ಲ, ಗೋಣೆಪ್ಪನ ಷಡ್ಡಕ. ಅವನ ಹೆಂಡತಿ ವೀರವ್ವ ಅಕ್ಕ, ಗೋಣೆಪ್ಪನ ಹೆಂಡತಿ ಸಕ್ಕೂಬಾಯಿ ತಂಗಿ. ಒಂದೇ ಮನೆಯ ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಮೋಟಾರಿದ್ದು ಇನ್ನೊಬ್ಬನಿಗೆ ಮಗ್ಗವಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೋಟಾರಿನಲ್ಲಿ ಡ್ರೈವರನ ಎಡಕ್ಕೆ ಒಂದು ಮುಂದಿನ ಸೀಟಿತ್ತು. ಅದಕ್ಕೆ ಕೆಂಪು ಚರ್ಮದ ಮೆತ್ತೆ, ಎದುರಿಗೆ ದೊಡ್ಡ ಗಾಜು, ಪಕ್ಕದಲ್ಲಿ ಸ್ವಂತದ ಬಾಗಿಲು. ಅಲ್ಲಿ ಕಳಕಪ್ಪ ಮತ್ತು ವೀರವ್ವ ಕೂಡುತ್ತಿದ್ದರು. ಹನ್ನೊಂದು ವರ್ಷದಿಂದ ಸಕ್ಕೂಬಾಯಿ ಆ ಸೀಟನ್ನು ಹಿಂದಿನಿಂದ ನೋಡುತ್ತಲೇ ನರಗುಂದದ ಹತ್ತಿರದ ಶಿರೋಳದ ತವರಿಗೆ ಹೋಗಿ ಬಂದಿದ್ದಳು.

"ಒಂದ ಸಲ ಆ ಗಾಜಿನ್ಯಾಗಿಂದ ದಾರಿ ನೋಡಬೇಕ್ರಿ. ನಾ ಹಿಂದ ಕುಂತು ಬರೇ ಧೂಳಾನ ನೋಡೇನಿ" ಎಂದು ಅವಳು ಗಂಡನಿಗೆ ಹೇಳಿದ್ದಳು. ಗೋಣೆಪ್ಪ "ಆತು, ಅದಕ್ಕೇನಾಗಬೇಕು" ಎಂದಿದ್ದ. ಗಂಡಂದಿರು ಹಾಗೆ ಎಂದಾಗ ಅದಕ್ಕೆ ಏನೂ ಆಗುವುದಿಲ್ಲ.

ಆ ದಿನ ಅಕ್ಕ ತಂಗಿ ಇಬ್ಬರೂ ತವರಿಗೆ ಹೊರಟಿದ್ದರು. ಗೋಣೆಪ್ಪ ನರಗುಂದದ ಪೇಟೆಗೆ ಕೊಡುವ ಸೀರೆಗಳ ಗಂಟು ಹೊತ್ತು ಬಂದ. ಸಕ್ಕೂಬಾಯಿಗೆ ಕಟ್ಟಕಡೆಗೆ, ಮೆಣಸಿನಕಾಯಿ ಚೀಲದ ಮೇಲೆ ಜಾಗ ಸಿಕ್ಕಿತು.

"ಒಳಗ ಜಾಗಾ ಇಲ್ಲಪಾ ಗೋಣ್ಯಾ. ಟಪ್ಪಿನ ಮ್ಯಾಲೆ ಹತ್ತು. ಗಾಳಿ ಚಲೋ ಬರ್ತೈತಿ" ಎಂದ ಕಳಕಪ್ಪ.

ಮೋಟಾರಿನ ನೆತ್ತಿಯ ಆ ಟಪ್ಪಿನ ಮೇಲೆ ನಾಲ್ಕು ಆಡುಗಳಿದ್ದವು. ರೋಣ ಬರುವುದರೊಳಗೆ ಗೋಣೆಪ್ಪನ ರುಮಾಲಿನ ಒಂದೂವರೆ ಮೊಳ ಚುಂಗು ಒಂದು ಆಡಿನ ಹೊಟ್ಟೆ ಸೇರಿತ್ತು. ಅವನು ರೋಣದ ಹೋಟೆಲಿನ ಮುಂದೆ ಇಳಿದಾಗ ಚಹಾ ಕುಡಿಯುತ್ತಿದ್ದವರೆಲ್ಲ ಬಸಿ ಕೆಳಗಿಟ್ಟು ನಕ್ಕರು. ಆಗ ಒಳಗೆ ಮಹಾದೇವಪ್ಪ ಮಾಸ್ತರು ವಾಡಿಕೆಯಂತೆ ಪೇಪರನ್ನು ಇಡೀ ಹೋಟೆಲಿಗೆ ಕೇಳುವಂತೆ ಓದುತ್ತಿದ್ದರು.

"ಕೇಳ್ರಿಲ್ಲೆ! ಹೊರದೇಶದ ದೊಡ್ಡ ಶಹರದಾಗ ಇನ್ನ ಮ್ಯಾಲೆ ಹಾರೂ ಟ್ಯಾಕ್ಸಿ ಬರ್ತಾವಂತ. ನೆತ್ತಿ ಮ್ಯಾಲೆ ಪಂಖಾ ತಿರಗತೈತಂತ. ಈ ಮಾಳಿಗಿ ಮ್ಯಾಲೆ ಎದ್ದು ಆ ಮಾಳಿಗಿ ಮ್ಯಾಲೆ ಇಳೀತಾವಂತ. ಇದು ಆಗೂ ಮಾತೋ ಆಗದ ಮಾತೋ ಅಂತ ದೊಡ್ಡ ದೊಡ್ಡವರು ಕುಂತು ಲೆಕ್ಕಾ ಹಾಕಾಕತ್ತಾರ."

"ಬರಲಿ ಬರಲಿ" ಎಂದ ಕಳಕಪ್ಪ. "ಅದು ಬಂದ್ರೂ ನಮ್ಮ ಗೋಣ್ಯಾಗ ಆಡಿನ ಬಾಜೂಕ ಸೀಟು!"

ಹೋಟೆಲು ಮತ್ತೊಮ್ಮೆ ನಕ್ಕಿತು. ಗೋಣೆಪ್ಪ ತಿರುಗಿ ಮೋಟಾರಿನ ಕಡೆ ನೋಡಿದ. ಹಿಂದಿನ ಕಿಟಕಿಯಲ್ಲಿ ಸಕ್ಕೂಬಾಯಿ ಮೆಣಸಿನಕಾಯಿ ಘಾಟಿಗೆ ಮೂಗು ಕೆಂಪಾಗಿಸಿಕೊಂಡು ಸೀನುತ್ತಿದ್ದಳು. ಮುಂದಿನ ಸೀಟಿನಲ್ಲಿ ವೀರವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅದನ್ನು ಕಂಡದ್ದೇ ಗೋಣೆಪ್ಪ ಹೋಟೆಲಿನ ಹೊಸ್ತಿಲು ದಾಟಿ ಕಳಕಪ್ಪನ ಎದುರಿಗೆ ಹೋಗಿ ನಿಂತ.

"ನಾ ವಿಮಾನದಾಗ ಕುಂತು ಬಂದಾಂವ! ನನಗ ನಿಮ್ಮ ಮೋಟಾರಿನ ಟಪ್ಪು ತೋರಸ್ತೀರಿ?" ಎಂದುಬಿಟ್ಟ.

ಹುಟ್ಟಿದಾಗಿನಿಂದ ನೆಲದೊಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗ ಹೊಡೆಯುವ ಮನುಷ್ಯ, ನೆಲಕ್ಕಿಂತ ಎರಡು ಗೇಣು ಕೆಳಗೇ ಬದುಕುವವನು, ಮುಗಿಲಿನ ಮಾತಾಡಿದ್ದ. "ಯಾವಾಗ?" ಎಂದರು ಮಾಸ್ತರು. "ಹೋದ ವರ್ಷದ ಹಿಂದಿನ ವರ್ಷ, ಮುಂಬೈಯಾಗ." "ಸಾಕ್ಷಿ?" ಎಂದ ಕಳಕಪ್ಪ. ಗೋಣೆಪ್ಪ ಅಂಗಿಯ ಒಳಗಿಸೆಗೆ ಕೈ ಹಾಕಿ ಒಂದು ದಪ್ಪ ಚೀಟಿ ತೆಗೆದ.

ಆ ಚೀಟಿಯ ನಿಜಸಂಗತಿ ಓದುಗರಿಗೆ ತಿಳಿದಿರಲಿ. ಗೋಣೆಪ್ಪ ತನಗೆ ನೂಲು ಕೊಡುವ ಸಾವಕಾರನ ಸೀರೆ ಗಂಟುಗಳ ಕಾವಲಿಗೆ ಮುಂಬೈಗೆ ಹೋಗಿದ್ದು ಖರೇ. ಅಲ್ಲಿನ ರೈಲು ಠೇಸನ್ನಿನಲ್ಲಿ ಆಳೆತ್ತರದ ಒಂದು ಯಂತ್ರವಿತ್ತು. ಮೇಲೆ ಹತ್ತಿ ನಿಂತು ಆಣೆ ಹಾಕಿದರೆ ಕೆಂಪು ಹಸಿರು ದೀಪ ಹತ್ತಿ, ಚಕ್ರಗಳು ಗರಗರ ತಿರುಗಿ, ತೂಕ ಬರೆದ ಚೀಟಿ ಕೆಳಗೆ ಬೀಳುತ್ತಿತ್ತು. ಒಂದು ಮಗ್ಗುಲಿಗೆ ದೊಡ್ಡ ಮೂಗುತಿಯ ಒಬ್ಬ ಹೆಣ್ಣುಮಗಳ ಚಿತ್ರ, ಇನ್ನೊಂದು ಮಗ್ಗುಲಿಗೆ 98 ಎಂಬ ಅಂಕಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಭವಿಷ್ಯ. ಗೋಣೆಪ್ಪನ ವಿಮಾನಪ್ರವಾಸ ಅಷ್ಟೇ. ಆದರೆ ಯಂತ್ರ ಗರಗರ ಎಂದಾಗ ಅವನ ಎದೆ ಹಾರಿದ್ದಂತೂ ಸುಳ್ಳಲ್ಲ.

ಚೀಟಿ ಕೈಯಿಂದ ಕೈಗೆ ಹೋಯಿತು. ಮಾಸ್ತರರ ವಿದ್ಯೆ ಕನ್ನಡ ಏಳನೆಯ ಇಯತ್ತೆಗೆ ನಿಂತಿತ್ತು. ಅಂಕಿ ಮಾತ್ರ ಎಲ್ಲರೂ ಓದಿದರು. "ಈ ತೊಂಬತ್ತೆಂಟು ಏನು?" ಎಂದರು ಮಾಸ್ತರು.

"ತೂಕ ರೀ. ವಿಮಾನಕ್ಕ ಹತ್ತಸೂಕಿಂತ ಮದಲ ಮನಶ್ಯಾನ್ನ ತೂಗತಾರ."

"ಮನಶ್ಯಾನ್ನ ತೂಗತಾರ?"

"ಮತ್ತ? ತೂಗದ ನೂಲು ಕೊಡೂ ಸಾವಕಾರನ್ನ ಎಲ್ಲ್ಯರ ಕಂಡೀರೇನು? ಮುಗಿಲಿಗೆ ಒಯ್ಯಾಂವ ಹಂಗ ಒಯ್ತಾನೇನು?"

ಮಾಸ್ತರು ಚೀಟಿಯನ್ನು ಎರಡೂ ಕೈಯಿಂದ ಗೋಣೆಪ್ಪನಿಗೆ ಮರಳಿಸಿದರು. ಕಳಕಪ್ಪನ ಮುಖ ಮಾತ್ರ ಕಪ್ಪಿಟ್ಟಿತು. ಅವನು ಮೇಜಿನ ಮೇಲೆ ಕೈ ಬಡಿದು ಹೇಳಿದ: "ಎಲ್ಲಾರೂ ಕೇಳ್ರಿ. ಈ ಚೀಟಿ ಸುಳ್ಳಲ್ಲ ಅಂತ ಇಂಗ್ಲೀಷ ಬಲ್ಲ ದೊಡ್ಡ ಮನಶ್ಯಾ ಒಬ್ಬಾಂವ ಹೇಳಲಿ, ಸಕ್ಕೂಬಾಯಿನ್ನ ಮುಂದಿನ ಸೀಟಿನ್ಯಾಗ ಕುಂಡರಸ್ತೇನಿ. ಸುಳ್ಳಂತ ಆತೋ, ಗಂಡಾ ಹೆಂಡತಿ ಇಬ್ರೂ ಮತ್ತ ನನ್ನ ಮೋಟಾರಿಗೆ ಕಾಲಿಡಂಗಿಲ್ಲ. ಊರಿಂದ ಶಿರೋಳದ ತನಕಾ ನಡಕೋಂತ ಹೋಗ್ರಿ!"

"ಆತು!" ಎಂದ ಗೋಣೆಪ್ಪ. ಲೆಕ್ಕ ಹಾಕಿದ್ದು ಆಮೇಲೆ. ಮೋಟಾರಿಲ್ಲದಿದ್ದರೆ ಅವನ ಸೀರೆ ಪೇಟೆ ಮುಟ್ಟುವುದಿಲ್ಲ, ಹೆಂಡತಿ ತವರು ಮುಟ್ಟುವುದಿಲ್ಲ. ಸಕ್ಕೂಬಾಯಿ ಕಿಟಕಿಯಿಂದ ಚೀಟಿಯನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿ, ಮತ್ತೊಂದು ಸೀನು ಸೀನಿದಳು. ಊರಿಗೆ ಮರಳಿದ ಮೇಲೆ ಅವಳೇ ಆ ಚೀಟಿಯನ್ನು ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟು, ದಿನಾ ಕುಂಕುಮ ಹಚ್ಚತೊಡಗಿದಳು. ನೋಡಲು ಬಂದ ಹೆಂಗಸರು ಕೈ ಮುಗಿದರು. ಗೋಣೆಪ್ಪನಿಗೆ ಮಾತ್ರ ಜಗಲಿಯ ಕಡೆ ಮುಖ ಮಾಡಿ ಉಣ್ಣುವುದು ಕಷ್ಟವಾಯಿತು.

ಇತ್ತ ಮಹಾದೇವಪ್ಪ ಮಾಸ್ತರಿಗೆ ನಿದ್ದೆ ಹತ್ತಲಿಲ್ಲ. ಶಹರದವರಿಗೆ ಬರುವ ಹಾರುವ ಟ್ಯಾಕ್ಸಿ ನಮಗೇಕೆ ಬರಬಾರದು? ವಿಮಾನದ ಅನುಭವಸ್ಥ ಮನುಷ್ಯ ನಮ್ಮಲ್ಲೇ ಇದ್ದಾನಲ್ಲ! ಅವರು ಸರಕಾರಕ್ಕೆ ಅರ್ಜಿ ಬರೆದರು: "ಮಳೆಗಾಲದಲ್ಲಿ ಕೊಣ್ಣೂರಿನ ಸೇತುವೆ ಮುಳುಗುತ್ತದೆ. ಬೇಸಿಗೆಯಲ್ಲಿ ಕಳಕಪ್ಪನವರ ಮೋಟಾರು ಮುಳುಗುತ್ತದೆ. ಅದರ ಎಡಗಾಲಿಯ ಮೇಲಿನ ಸ್ಪ್ರಿಂಗಿನ ಪಾಟಾ ವಾರಕ್ಕೊಮ್ಮೆ ನರಗುಂದದ ಈಚೆಯ ಹಳ್ಳದಲ್ಲಿ ಮುರಿಯುತ್ತದೆ. ಆದಕಾರಣ ಗಜೇಂದ್ರಗಡ, ರೋಣ, ನರಗುಂದ ಈ ಮೂರು ಊರುಗಳ ನಡುವೆ ಹಾರುವ ಟ್ಯಾಕ್ಸಿ ಸಾಧ್ಯವೋ ಹೇಗೆ ಎಂಬುದನ್ನು ತಾವು ಚೌಕಶಿ ಮಾಡಬೇಕಾಗಿ ವಿನಂತಿ."

ಅರ್ಜಿ ಹೋದ ಮೇಲೆ ಹಾರುವ ಟ್ಯಾಕ್ಸಿ ಎಲ್ಲಿ ಇಳಿಯಬೇಕು ಎಂಬುದರ ಮೇಲೆ ಜಗಳ ಶುರುವಾಯಿತು. ರೋಣದ ಹೋಟೆಲಿನಲ್ಲಿ ಮೂರೂ ಊರಿನವರು ಸೇರಿದರು.

"ನಮ್ಮಲ್ಲೆ ಗುಡ್ಡ ಐತಿ. ಅರ್ಧಾ ಹಾದಿ ಗುಡ್ಡಾನ ಏರಿ ಕೊಟ್ಟೈತಿ. ಅಲ್ಲಿಂದ ಹಾರಾಕ ಎಣ್ಣಿ ಕಡಿಮಿ ಹತ್ತತೈತಿ" ಎಂದರು ಗಜೇಂದ್ರಗಡದವರು.

"ಗುಡ್ಡ ನಮಗಿಲ್ಲೇನು?" ಎಂದ ನರಗುಂದದ ಹತ್ತಿ ಅಡತಿ ಅಂಗಡಿಯ ಹುಚ್ಚಪ್ಪ. ಅವನು ಎದ್ದು ನಿಂತಾಗ ಎರಡು ಬೆಂಚು ಹಗುರಾದವು.

ರೋಣಕ್ಕೆ ಗುಡ್ಡವಿಲ್ಲ. ರೋಣದವರು ಮಾಸ್ತರರ ಪೇಪರನ್ನು ಇನ್ನೊಮ್ಮೆ ಬಿಡಿಸಿ ನೋಡಿ ಗೆದ್ದರು: "ಪೇಪರಿನ್ಯಾಗ ಗುಡ್ಡ ಅಂದಾರೇನು? ಮಾಳಿಗಿ ಅಂದಾರ! ನಮ್ಮ ರೋಣದ ಮಾಳಿಗಿ ಎಲ್ಲಾ ಸಪಾಟ. ಯಾರ ಮನೀ ಮ್ಯಾಲೆ ಬೇಕಾದ್ರೂ ಇಳೀಲಿ, ನಿಚ್ಚಣಿಕಿ ನಾವು ಕೊಡತೇವಿ."

ಎಲ್ಲರೂ ಗೋಣೆಪ್ಪನ ಕಡೆ ತಿರುಗಿದರು. ತಜ್ಞನೆಂದ ಮೇಲೆ ಏನಾದರೂ ಹೇಳಲೇಬೇಕು. "ಮಾಳಿಗಿ ಅಡ್ಡಿಲ್ಲ" ಎಂದ ಅವನು ಗಂಭೀರವಾಗಿ. "ಆದ್ರ ಸುಗ್ಗಿ ದಿವಸ, ಎಲ್ಲಾರ ಮಾಳಿಗಿ ಮ್ಯಾಲೂ ಮೆಣಸಿನಕಾಯಿ ಒಣಾಕಿರತೀರಿ. ಆ ಪಂಖಾದ ಗಾಳಿಗೆ ಹತ್ತು ಮನೀ ಖಾರಪುಡಿ ಎದ್ದು ಊರ ಕಣ್ಣಾಗ ಬೀಳತೈತಿ. ಹಾರಾಂವ ಹಾರಿ ಹೋಗ್ತಾನ, ಉರಕೊಳ್ಳಾಂವ ಯಾರು?"

ಸಭೆ ತಲೆದೂಗಿತು. ಎಂಥ ದೂರದೃಷ್ಟಿ! ಅನುಭವ ಇಲ್ಲದವನಿಗೆ ಇದು ಹೊಳೆಯುವುದೇ? ಆ ಹುರುಪಿನಲ್ಲಿ ಹುಚ್ಚಪ್ಪ ಕೇಳಿದ: "ಗೋಣೆಪ್ಪಣ್ಣಾ, ಎಷ್ಟು ತೂಕದ ಮನಶ್ಯಾನ್ನ ಹತ್ತಸ್ತಾರಪಾ ಅದರಾಗ?"

ಗೋಣೆಪ್ಪನಿಗೆ ಗೊತ್ತಿದ್ದ ಅಂಕಿ ಒಂದೇ. "ತೊಂಬತ್ತೆಂಟು ಪೌಂಡ. ಚೀಟಿಯಾಗ ಬರದಾರಲ್ಲ, ಅದ ತೂಕದ ಗಡಿ. ಅದರಕಿಂತ ಒಂದ ಪೌಂಡ ಮ್ಯಾಲಾದ್ರೂ ವಿಮಾನ ಏಳಂಗಿಲ್ಲ."

ಹುಚ್ಚಪ್ಪ ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಅಲ್ಲಿದ್ದ ದೊಡ್ಡವರೆಲ್ಲ ತಂತಮ್ಮ ಹೊಟ್ಟೆ ನೋಡಿಕೊಂಡರು. ಅಂದಿನಿಂದ ಮೂರು ಊರಿನಲ್ಲಿ ದೊಡ್ಡವರ ಮನೆಗಳಲ್ಲಿ ರೊಟ್ಟಿ ಉಳಿಯತೊಡಗಿದವು. ಹುಚ್ಚಪ್ಪ ಮುಂಜಾನೆ ಎದ್ದು ಗುಡ್ಡ ಹತ್ತತೊಡಗಿದ. ವೀರವ್ವ ಕೂಡ, "ಹಾರೂದಾದ್ರ ಮದಲ ನಾನ ಹಾರಬೇಕು, ಸಕ್ಕೂಬಾಯಿ ಅಲ್ಲ" ಎಂದು ಸೋಮವಾರದ ಜೊತೆಗೆ ಗುರುವಾರವೂ ಒಪ್ಪತ್ತು ಹಿಡಿದಳು. ಒಪ್ಪತ್ತೆಂದರೆ ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಉಣ್ಣುವುದು.

ಹತ್ತಿ ಸುಗ್ಗಿ ಶುರುವಾಗುವ ಹೊತ್ತಿಗೆ ಸರಕಾರದ ಕಾಗದ ಬಂತು. ಎರಡೇ ಸಾಲು: ಗಜೇಂದ್ರಗಡ–ರೋಣ–ನರಗುಂದ ಮಾರ್ಗದ ವಾಹನದ ಸಂಬಂಧ ಬಂದ ಅರ್ಜಿಯ ಚೌಕಶಿಗೆ ಅಧಿಕಾರಿಗಳು ಬರುವ ಸೋಮವಾರ ನರಗುಂದಕ್ಕೆ ಬರುತ್ತಾರೆ. ಯಾವ ವಾಹನ ಎಂದು ಅದರಲ್ಲಿ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಅನಿಸಲೂ ಇಲ್ಲ. ಮೋಟಾರು ಹನ್ನೊಂದು ವರ್ಷದಿಂದ ಇದ್ದದ್ದೇ, ಅದಕ್ಕೆ ಯಾರು ಚೌಕಶಿಗೆ ಬರುತ್ತಾರೆ?

"ಮಂಜೂರಾತು!" ಎಂದು ಮಾಸ್ತರು ಸೈಕಲ್ಲಿನ ಮೇಲೆ ಮೂರೂ ಊರಿಗೆ ಸುದ್ದಿ ಮುಟ್ಟಿಸಿದರು. ಸಾಹೇಬರು ಬರುವುದರೊಳಗೆ ಹತ್ತುವವರ ತೂಕದ ಯಾದಿ ತಯಾರಿರಬೇಕೆಂದು ನಿರ್ಧಾರವಾಯಿತು.

ಸೋಮವಾರ ಮುಂಜಾನೆ ಹುಚ್ಚಪ್ಪನ ಅಡತಿ ಅಂಗಡಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಿ ಅಂಡಿಗೆ ತೂಗುವ ದೊಡ್ಡ ತಕ್ಕಡಿಗೆ ಮಾವಿನ ತೋರಣ ಕಟ್ಟಿದ್ದರು. ಸಾಲೆಯಿಂದ ತಂದ ಕರಿಹಲಗೆಯ ಪಕ್ಕದಲ್ಲಿ ಮಾಸ್ತರು ಸೀಮೆಸುಣ್ಣ ಹಿಡಿದು ನಿಂತರು. ತಕ್ಕಡಿಯ ಹತ್ತಿರ, ಹಿಂದಿನ ದಿನವೇ ಬಂದಿದ್ದ ಗೋಣೆಪ್ಪ, ಆಡು ತಿಂದು ಉಳಿದ ಅರ್ಧ ರುಮಾಲು ಸುತ್ತಿಕೊಂಡು, ಜಗಲಿಯ ಮೇಲಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ನಿಂತಿದ್ದ. ಕಳಕಪ್ಪನ ಮೋಟಾರು ಮಾತ್ರ ಇನ್ನೂ ಬಂದಿರಲಿಲ್ಲ. ಅದು ಹಳ್ಳದಲ್ಲಿ ಪಾಟಾ ಮುರಿದುಕೊಂಡು ಕೂತಿತ್ತು. ಕಳಕಪ್ಪ, ವೀರವ್ವ, ಸಕ್ಕೂಬಾಯಿ, ಡ್ರೈವರ ಮದರಸಾಬ ಎಲ್ಲರೂ ಯಾರದೋ ಚಕ್ಕಡಿ ಹತ್ತಿ ಬಂದರು.

ಮೊದಲು ಹುಚ್ಚಪ್ಪ ತಕ್ಕಡಿ ಏರಿದ. ಇನ್ನೊಂದು ತಟ್ಟೆಗೆ ಕಬ್ಬಿಣದ ಗುಂಡು ಹಾಕುತ್ತ ಹಾಕುತ್ತ ಹಮಾಲರು ಬೆವತರು.

"ಎರಡನೂರಾ ನಲವತ್ತು!" ಎಂದು ಮಾಸ್ತರು ಬರೆದರು. ಜನ ಹೋ ಎಂದಿತು.

"ಹಿಂಗ ಹ್ಯಾಂಗ? ನಾ ಹದಿನೈದು ದಿನಾ ಗುಡ್ಡ ಹತ್ತೇನಿ!" ಎಂದು ಹುಚ್ಚಪ್ಪ ಅಳುವ ದನಿ ಮಾಡಿದ.

ಗೋಣೆಪ್ಪನಿಗೆ ಕನಿಕರ ಬಂತು. "ತಡೀರಿ, ಗಂಜಿ ಕಳದಿಲ್ಲ" ಎಂದ.

"ಗಂಜಿ?"

"ಹೌದ್ರಿ. ನಮ್ಮಲ್ಲೆ ಸಾವಕಾರ ಹತ್ತು ಪೌಂಡ ನೂಲು ತೂಗಿ ಕೊಡತಾನ. ನಾವು ಸೀರಿ ನೇದು ಒಯ್ದಾಗ ಹನ್ನೊಂದು ತೂಗತೈತಿ. ಅದು ನೂಲಲ್ಲ, ನೂಲಿಗೆ ಹಚ್ಚಿದ ಗಂಜಿ. ಅದನ್ನ ಕಳದ ಖರೇ ತೂಕಾ ಹಿಡೀತಾರ. ನೀವು ಮುಂಜಾನಿ ಏನ ತಿಂದೀರಿ?"

"ಎರಡು... ನಾಕು ರೊಟ್ಟಿ. ಸಣ್ಣವು. ಮತ್ತ ಹಿಟ್ಟಿನ ಪಲ್ಲೆ, ಒಂದು ತಂಬಿಗಿ ಮಜ್ಜಿಗಿ."

"ಮಾಸ್ತರ, ಐದು ಪೌಂಡ ಗಂಜಿ ಕಳೀರಿ."

ಇಂಥ ನ್ಯಾಯವನ್ನು ಆ ಅಂಗಳ ಕಂಡಿರಲಿಲ್ಲ. ಅಲ್ಲಿಯವರೆಗೆ ಉಪವಾಸವಿದ್ದೇನೆಂದು ಹೇಳಿಕೊಂಡವರೆಲ್ಲ ತಾವು ಹೊಟ್ಟೆ ತುಂಬ ಉಂಡು ಬಂದಿದ್ದೇವೆಂದು ಆಣೆ ಮಾಡತೊಡಗಿದರು. ಒಬ್ಬ ತನ್ನ ಮೀಸೆಯ ಮೇಲಿನ ಮೊಸರು ತೋರಿಸಿದ. ಇನ್ನೊಬ್ಬ ನಿನ್ನೆಯ ಹೋಳಿಗೆಯನ್ನೂ ಹಿಡಿಯಬೇಕೆಂದ. ಕಳಕಪ್ಪ ಏರಿದಾಗ ತಕ್ಕಡಿಯ ಸರಪಳಿ ನರಳಿತು.

"ಎರಡನೂರಾ ಇಪ್ಪತ್ತೆಂಟು!"

"ಗಂಜಿ ಎಷ್ಟು ಕಳೀತಿ?" ಎಂದ ಕಳಕಪ್ಪ ಹಲ್ಲು ಕಚ್ಚಿ.

"ನಾಕು ಪೌಂಡ."

"ಸಾಲಂಗಿಲ್ಲ. ನೂರಾ ಮೂವತ್ತು ಕಳೀ."

"ನೂರಾ ಮೂವತ್ತು ಪೌಂಡ ಉಂಡೀರೇನಣ್ಣಾರ?"

ಅಂಗಳ ನಗೆಯಲ್ಲಿ ಮುಳುಗಿತು. ವೀರವ್ವನದು ನೂರಾ ತೊಂಬತ್ತು ಬಂತು. ಅವಳು ತೋಳಿನ ಬಂಗಾರದ ವಂಕಿ ಕಳಚಿ ಮತ್ತೆ ತೂಗಿಸಿದಳು. ವಂಕಿ ಹೋದರೂ ತಕ್ಕಡಿ ಅಲ್ಲಾಡಲಿಲ್ಲ. ಗೋಣೆಪ್ಪನದು ಮುಂಬೈಯಲ್ಲಿ ಎಷ್ಟಿತ್ತೋ ಅಷ್ಟೇ, ತೊಂಬತ್ತೆಂಟು. ಕಡೆಗೆ ಸಕ್ಕೂಬಾಯಿ ನಾಚಿಕೊಳ್ಳುತ್ತ ಕೂತಳು. ಅವಳ ತಟ್ಟೆ ಮೇಲಕ್ಕೇ ಹೋಗಿ ನಿಂತಿತು.

"ಎಂಬತ್ತನಾಕು!" ಎಂದು ಮಾಸ್ತರು ಹಲಗೆಯ ಕಟ್ಟಕಡೆಗೆ ಬರೆದರು.

ಅಷ್ಟರಲ್ಲಿ ಜೀಪು ಬಂತು. ಇಳಿದ ಸಾಹೇಬರು ಎತ್ತರದಲ್ಲಿ ಸಾಮಾನ್ಯರು, ಅಗಲದಲ್ಲಿ ಅಸಾಮಾನ್ಯರು. ಬಾಜಾ ಬಜಂತ್ರಿ, ತೋರಣ, ತೂಗುವ ತಕ್ಕಡಿ, ಇಷ್ಟು ಜನ, ಇದನ್ನೆಲ್ಲ ನೋಡಿ ಅವರ ಮುಖ ಅರಳಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರಿಗೆ ಯಾರೂ ತುಲಾಭಾರ ಮಾಡಿರಲಿಲ್ಲ.

"ಅಯ್ಯೋ, ಇದೆಲ್ಲಾ ಯಾಕ್ರಿ?" ಎನ್ನುತ್ತ ಅವರು ಬೂಟು ಬಿಚ್ಚಿ, ಯಾರೂ ಹೇಳದೆಯೇ ತಕ್ಕಡಿಯಲ್ಲಿ ಪದ್ಮಾಸನ ಹಾಕಿ ಕೂತು, ಕೈ ಮುಗಿದು ಕಣ್ಣು ಮುಚ್ಚಿದರು. ಸಾಹೇಬರಿಗೂ ಹಾರುವ ಆಸೆ ಎಂದು ಜನರಿಗೆ ಸಂತೋಷವಾಯಿತು. ಹಮಾಲರು ಗುಂಡು ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಒಂದು ಕಣ್ಣು ತೆರೆದು ಎದುರಿನ ತಟ್ಟೆ ನೋಡಿದರು.

"ಬೆಲ್ಲ ಎಲ್ಲಿ? ತೆಂಗಿನಕಾಯರ ಇಡಬೇಕಲ್ಲ? ಕಬ್ಬಿಣ ಯಾಕ?"

"ಎರಡನೂರಾ ಮೂವತ್ತೊಂದು!" ಎಂದು ಮಾಸ್ತರು ಕೂಗಿ, ಹಲಗೆಯ ಮೇಲೆ ಹುಚ್ಚಪ್ಪನ ಕೆಳಗೆ, ಕಳಕಪ್ಪನ ಮೇಲೆ ದಪ್ಪ ಅಕ್ಷರದಲ್ಲಿ ಸಾಹೇಬರ ಪದವಿ ಸಹಿತ ಬರೆದರು. ಜನ ಚಪ್ಪಾಳೆ ಹೊಡೆದರು.

ಸಾಹೇಬರು ಇಳಿದರು. ಅವರ ಮುಖದ ಬಣ್ಣ ಮೆಣಸಿನಕಾಯಿಯಾಗಿತ್ತು. "ಏನಿದು? ನಾನೇನು ಹತ್ತಿ ಅಂಡಿಗೀ ಅಂತ ತಿಳದೀರೇನು?"

"ಸಾಹೇಬ್ರ, ವಿಮಾನದ ರಿವಾಜು ಇದ" ಎಂದು ಗೋಣೆಪ್ಪ ಕೈ ಮುಗಿದ. ಆಗಲೇ ಕಳಕಪ್ಪ ಮುಂದೆ ನುಗ್ಗಿ, ಗೋಣೆಪ್ಪನ ಕಿಸೆಯಿಂದ ಕುಂಕುಮ ಮೆತ್ತಿದ ಚೀಟಿಯನ್ನು ಕಿತ್ತು ಸಾಹೇಬರ ಕೈಗಿಟ್ಟ.

"ಸಾಹೇಬ್ರ, ನೀವು ಇಂಗ್ಲೀಷ ಬಲ್ಲವರು. ಇಷ್ಟು ಜನದಾಗ ಖರೇ ಹೇಳ್ರಿ. ಇದು ವಿಮಾನದ ಟಿಕೀಟೋ ಅಲ್ಲೋ?"

ಸಾಹೇಬರು ಕನ್ನಡಕ ಏರಿಸಿ ಕುಂಕುಮ ಒರೆಸಿ ಓದಿದರು. ಅವರ ಹುಬ್ಬು ಮೇಲೇರಿತು. ಗೋಣೆಪ್ಪನಿಗೆ ನರಗುಂದದ ಹಾದಿಯಲ್ಲಿ ತಲೆಯ ಮೇಲೆ ಸೀರೆ ಗಂಟು ಹೊತ್ತು ತಾನು, ಹಿಂದೆ ಬರಿಗಾಲಲ್ಲಿ ಸಕ್ಕೂಬಾಯಿ, ಪಕ್ಕದಲ್ಲಿ ಧೂಳೆಬ್ಬಿಸಿ ಹೋಗುವ ಮೋಟಾರು, ಎಲ್ಲ ಕಣ್ಣಿಗೆ ಕಟ್ಟಿತು.

ಸಾಹೇಬರು ಅವನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ಆ ಹಲಗಿ ಮ್ಯಾಲಿಂದ ನನ್ನ ಹೆಸರು ಒರಸತೀಯೇನು?"

"ಒರಸತೇನ್ರಿ" ಎಂದ ಗೋಣೆಪ್ಪ ಇನ್ನೂ ಮೆಲ್ಲಗೆ. "ಬೇಕಂದ್ರ ಗಂಜಿ ಕಳದು..."

"ಗಂಜಿ ಬ್ಯಾಡ. ಪೂರಾ ಒರಸು."

ಗೋಣೆಪ್ಪ ಉಳಿದ ರುಮಾಲನ್ನು ಬಿಚ್ಚಿ ಆ ಸಾಲನ್ನು ಒರೆಸಿದ. ಸಾಹೇಬರು ಗಂಟಲು ಸರಿಮಾಡಿಕೊಂಡು, ಸರಕಾರದ ದನಿಯಲ್ಲಿ ಸಾರಿದರು: "ಈ ಕಾಗದವನ್ನು ನಾನು ಪರಿಶೀಲಿಸಿದ್ದೇನೆ. ಇದು ಪ್ರವಾಸಕ್ಕೆ ಸಂಬಂಧಪಟ್ಟ ಕಾಗದ. ಇದರಲ್ಲಿ ಸುಳ್ಳು ಬರೆದಿಲ್ಲ. ಕೆಳಗೆ, 'ನಿಮ್ಮ ಮಾತಿಗೆ ದೊಡ್ಡವರು ತಲೆದೂಗಿ ನಿಲ್ಲುವ ದಿನ ಹತ್ತಿರವಿದೆ' ಎಂದೂ ಇದೆ."

ಅಂಗಳ ಭೋರ್ಗರೆಯಿತು. ಮಾಸ್ತರು ಸೀಮೆಸುಣ್ಣವನ್ನೇ ಮೇಲಕ್ಕೆ ತೂರಿದರು. ಕಳಕಪ್ಪ ಮಾತ್ರ, "ಮತ್ತ ಹಾರೂ ಟ್ಯಾಕ್ಸಿ?" ಎಂದ.

"ಎಂಥಾ ಹಾರೂ ಟ್ಯಾಕ್ಸಿ? ನಾ ಬಂದದ್ದು ನಿಮ್ಮ ಮೋಟಾರಿನ ಚೌಕಶಿಗೆ! ವಾರಕ್ಕೊಮ್ಮೆ ಅದರ ಎಡಗಡೆ ಪಾಟಾ ಯಾಕ ಮುರೀತೈತಿ? ಅದನ್ನ ಹೇಳ್ರಿ ಮದಲ."

ಆಗ ಹಿಂದಿನಿಂದ ಡ್ರೈವರ ಮದರಸಾಬ ಜನರನ್ನು ಸರಿಸಿಕೊಂಡು ಬಂದು ಹಲಗೆಯ ಮುಂದೆ ನಿಂತ. ಅವನು ಬೆರಳಿನಿಂದ ಎರಡು ಅಂಕಿಗಳನ್ನು ಮುಟ್ಟಿ ಮುಟ್ಟಿ ಕೂಡಿಸಿದ.

"ಯಾ ಅಲ್ಲಾ! ಸಾಹೇಬ್ರ, ಹನ್ನೊಂದು ವರ್ಷ ನಾ ರ‍ಸ್ತಾಕ್ಕ ಬೈದೆ, ಹಳ್ಳಕ್ಕ ಬೈದೆ, ಪಾಟಾ ಬಡಿಯೂ ಲುಹಾರಗ ಬೈದೆ. ಇವತ್ತ ತಿಳೀತ್ರಿ! ನಮ್ಮ ಮೋಟಾರಿನ ಸಾವಕಾರದು ಎರಡನೂರಾ ಇಪ್ಪತ್ತೆಂಟು, ಅಕ್ಕಾರದು ನೂರಾ ತೊಂಬತ್ತು. ನಾಕನೂರಾ ಹದಿನೆಂಟು ಪೌಂಡ ಅದ ಎಡಗಾಲಿ ಮ್ಯಾಲೆ ಕುಂತ ಬರ್ತೈತಿ. ಮುರೀದ ಏನ ಮಾಡತೈತಿ ಅದು ಪಾಪ?"

ಜನ ನಕ್ಕು ನಕ್ಕು ಹತ್ತಿ ಅಂಡಿಗೆಗಳ ಮೇಲೆ ಉರುಳಿದರು. ವೀರವ್ವ ಸೆರಗು ಮುಖಕ್ಕೆಳೆದುಕೊಂಡಳು. ಗಂಜಿ ಕಳೆದು ಹಿಡಿಯಿರಿ ಎಂದು ಕಳಕಪ್ಪ ಗೊಣಗಿದ್ದು ಯಾರಿಗೂ ಕೇಳಲಿಲ್ಲ. ಸಾಹೇಬರು ಅಲ್ಲೇ ನಿಂತು ಹುಕುಮು ಬರೆದರು: ಸದರಿ ಮೋಟಾರಿನ ಮುಂದಿನ ಸೀಟಿನಲ್ಲಿ ತೊಂಬತ್ತೆಂಟು ಪೌಂಡಿಗಿಂತ ಹೆಚ್ಚು ತೂಕದವರು ಕೂಡತಕ್ಕದ್ದಲ್ಲ. ಹಾರುವ ಟ್ಯಾಕ್ಸಿಯ ಬಗ್ಗೆ ಅವರು, ದೊಡ್ಡ ಮನುಷ್ಯರನ್ನು ಬಿಟ್ಟು ಹಾರುವುದಾದರೆ ಸಾಧ್ಯವಿದೆ ಎಂದರು. ಅದಕ್ಕೆ ದೊಡ್ಡ ಮನುಷ್ಯರು ಒಪ್ಪಲಿಲ್ಲ. ಅವರು ಒಪ್ಪದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಪಾಟಾ ಕೂಡಿಸಿದ ಮೇಲೆ, ಎರಡನೆಯ ದಿನ ಮೋಟಾರು ಗಜೇಂದ್ರಗಡದಿಂದ ಹೊರಟಿತು. ಕೆಂಪು ಮೆತ್ತೆಯ ಮೇಲೆ ಸಕ್ಕೂಬಾಯಿ ಕಾಲು ನೆಲಕ್ಕೆ ಮುಟ್ಟದಂತೆ ಕೂತಿದ್ದಳು. ಕಳಕಪ್ಪ ಮತ್ತು ವೀರವ್ವ ನಟ್ಟನಡುವೆ, ಮದರಸಾಬ ಅಳೆದು ತೋರಿಸಿದ ಜಾಗದಲ್ಲಿ, ಅವನು ಎಡಕ್ಕೆ ಒಬ್ಬರನ್ನು ಬಲಕ್ಕೆ ಒಬ್ಬರನ್ನು ಕೂಡಿಸಿದ ಹಾಗೆ ಕೂತಿದ್ದರು. ಗೋಣೆಪ್ಪ ಯಾರೂ ಹೇಳದೆ ತಾನಾಗಿಯೇ ಟಪ್ಪು ಹತ್ತಿದ. ಈ ಸಲ ರುಮಾಲನ್ನು ಸೊಂಟಕ್ಕೆ ಬಿಗಿದಿದ್ದ. ಹಳ್ಳ ಬಂತು. ಮದರಸಾಬ ಬಿಸ್ಮಿಲ್ಲಾ ಎಂದ, ವೀರವ್ವ ದೇವರ ಹೆಸರೆತ್ತಿದಳು, ಮೋಟಾರು ಇಳಿದು, ಕುಣಿದು, ಮುರಿಯದೆ, ಮೇಲೇರಿ ಓಡಿತು!

"ಹಾರಿತಲೇ! ಹಾರಿತು!" ಎಂದು ಗೋಣೆಪ್ಪ ಎರಡೂ ಕೈ ಚಾಚಿ ಆಡುಗಳ ನಡುವೆ ಎದ್ದು ನಿಂತು ಕೂಗಿದ. ಕೆಳಗೆ ಸಕ್ಕೂಬಾಯಿ ದೊಡ್ಡ ಗಾಜಿನಲ್ಲಿ ಹಾದಿ ತನ್ನ ಮೈಮೇಲೆಯೇ ಓಡಿ ಬರುವುದನ್ನು ನೋಡಿ, ಬಾಯಿಗೆ ಕೈ ಹಿಡಿದುಕೊಂಡು ನಕ್ಕಳು.

ನರಗುಂದದಲ್ಲಿ ಇಳಿದು ಸೀರೆ ಕೊಟ್ಟು, ಅಲ್ಲಿಂದ ಮುಂದೆ ಮೋಟಾರು ಹೋಗದ ಶಿರೋಳದ ಹಾದಿ ಹಿಡಿದು ನಡೆಯುವಾಗ ಗೋಣೆಪ್ಪನಿಗೆ ತಡೆಯಲಾಗಲಿಲ್ಲ. "ಸಕ್ಕೂ, ನಿನಗೊಂದು ಮಾತು ಹೇಳಬೇಕು. ಆ ಚೀಟಿ..." ಎಂದ.

ಸಕ್ಕೂಬಾಯಿ ಸೊಂಟದ ಎಲೆ ಅಡಿಕೆ ಸಂಚಿಯನ್ನು ಬಿಚ್ಚಿ, ಅದರ ತಳದಿಂದ ಒಂದು ದಪ್ಪ ಚೀಟಿ ತೆಗೆದು ಗಂಡನ ಅಂಗೈಯಲ್ಲಿಟ್ಟಳು. ಒಂದು ಮಗ್ಗುಲಿಗೆ ದೊಡ್ಡ ಮೂಗುತಿಯ ಹೆಣ್ಣುಮಗಳು, ಇನ್ನೊಂದು ಮಗ್ಗುಲಿಗೆ 84.

"ಹೋದ ವರ್ಷ ಅಕ್ಕನ ಕೂಡ ಗದಗಿನ ದವಾಖಾನಿಗೆ ಹೋಗಿದ್ದೆನಲ್ಲ, ಅಲ್ಲಿ ಠೇಸನ್ಯಾಗ ನಿಂತಿತ್ತು ಆ ಯಂತ್ರ. ಅಕ್ಕ ಚಹಾ ಕುಡ್ಯಾಕ ಹೋದಾಗ ನಾ ಹತ್ತಿದೆ. ಎದಿ ಹಾರಿತು ನೋಡ್ರಿ ನಂದು!"

ಗೋಣೆಪ್ಪ ಹಾದಿಯ ನಡುವೆ ನಿಂತುಬಿಟ್ಟ. "ಅಂದ್ರ... ಹೋಟೆಲಿನ್ಯಾಗ ನಾ ತಗದಾಗನ ನಿನಗ ಗೊತ್ತಾತು?"

"ಆ ಮೂಗುತಿ ನೋಡಿದ ಕೂಡಲೆ."

"ಮತ್ತ ದಿನಾ ಕುಂಕುಮ ಹಚ್ಚತಿದ್ದೆಲ್ಲ?"

"ನಾ ಹಚ್ಚಲಿಲ್ಲಂದ್ರ ಊರು ನಂಬತಿತ್ತೇನು? ನೀವು ನನ್ನ ಸಲುವಾಗಿ ಅಷ್ಟು ದೊಡ್ಡ ಸುಳ್ಳು ಹೇಳಿದ್ರಿ. ನಾ ನಿಮ್ಮ ಸಲುವಾಗಿ ಒಂದು ಚಿಟಿಕಿ ಕುಂಕುಮ ಹಚ್ಚಬಾರದೇನು?"

ಗೋಣೆಪ್ಪನಿಗೆ ಕಣ್ಣು ತುಂಬಿ ಬಂತು. ಅವನು ಸಾಹೇಬರು ಮರಳಿಸಿದ್ದ ತನ್ನ ಚೀಟಿಯನ್ನೂ ಕಿಸೆಯಿಂದ ತೆಗೆದು, ಎರಡನ್ನೂ ಜೋಡಿಸಿ ಹಿಡಿದು ನೋಡುತ್ತ ನಿಂತ. ಸಕ್ಕೂಬಾಯಿ ಅವುಗಳನ್ನು ಮರಳಿ ತೆಗೆದುಕೊಂಡು, ಬೆರಳು ಮಡಚಿ ಲೆಕ್ಕ ಹಾಕಿ, ಸಂಚಿಗೆ ಸೇರಿಸಿದಳು.

"ನಾಳಿ ತಿರುಗಿ ಹೋಗೂ ಮುಂದ ನೀವೂ ಮುಂದ ಕುಂದರ್ರಿ. ನಾವಿಬ್ರೂ ಕೂಡಿ ಅಕ್ಕನಕಿಂತ ಎಂಟು ಪೌಂಡ ಕಡಿಮಿ ಅದೇವಿ. ಹೊಟ್ಟಿ ತುಂಬ ಉಂಡ ಹತ್ತೋಣು, ಗಂಜಿಗೂ ಜಾಗಾ ಐತಿ."